ಬಾಗಿಲ ಹಿಂದೆ ನಡೆದವರು

ನಮ್ಮೂರಿನಲ್ಲಿ ಗಾಳಿ ಬೀಸುತ್ತಿರಲಿಲ್ಲ. ಸುತ್ತಲೂ ಗುಡ್ಡ, ನಡುವೆ ಬಟ್ಟಲಿನ ತಳದಲ್ಲಿ ಕೂತಂತೆ ಊರು. ಒಲೆಯ ಹೊಗೆ ನೆಟ್ಟಗೆ ಮೇಲೆ ಹೋಗಿ, ಮುಂದೆ ಎಲ್ಲಿಗೆ ಎಂದು ತಿಳಿಯದೆ ಅಲ್ಲೇ ನಿಲ್ಲುತ್ತಿತ್ತು. ಹಗ್ಗದ ಮೇಲಿನ ಸೀರೆ ಅಲುಗದೆ ಒಣಗುತ್ತಿತ್ತು. ಇಂಥ ಊರಿನ ಜನ ಹುಟ್ಟಿದಾಗಿನಿಂದ ಸಾಯುವ ತನಕ ಕಾಯುತ್ತಿದ್ದದ್ದು ಗಾಳಿಯನ್ನೇ.

ಗಾಳಿ ಬರುತ್ತದೆ ಎನ್ನುತ್ತಿದ್ದ ನಮ್ಮ ಹಿರೀಕ. ಗುಡ್ಡದ ಬುಡದ ಬಂಡೆಗೆ ಕಿವಿ ಹಚ್ಚಿ ಗಾಳಿಯ ಮಾತು ಕೇಳಬಲ್ಲವನು ಊರಿಗೆಲ್ಲ ಅವನೊಬ್ಬನೇ. ಗಾಳಿ ಬರುತ್ತದೆ, ಒಂದೇ ಬಾಗಿಲಿನ ಮನೆ ಬೀಳುತ್ತದೆ. ಗಾಳಿ ಬರುತ್ತದೆ, ಹಲವು ಬಾಗಿಲಿನ ಮನೆ ನಿಲ್ಲುತ್ತದೆ. ಒಂದು ಬಾಗಿಲಿನಿಂದ ಹೊಕ್ಕ ಗಾಳಿ ಇನ್ನೊಂದರಿಂದ ಹೊರಟುಹೋಗುತ್ತದೆ, ಮನೆಯವನು ಉಳಿಯುತ್ತಾನೆ. ಹೀಗೆ ಅವನು ಹೇಳುತ್ತಿದ್ದ, ನಾವು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದೆವು. ಅದಕ್ಕೇ ನಮ್ಮೂರ ಗಂಡಸರು ಬಾಗಿಲು ಕೂಡಿಸುತ್ತಿದ್ದರು.

ನಮ್ಮೂರಿನಲ್ಲಿ ಬಾಗಿಲು ಎಂದರೆ ಹೆಂಡತಿ. ಹೆಣ್ಣು ಹುಟ್ಟಿದ ದಿನವೇ ಅವಳ ಹೆಸರಿನಲ್ಲಿ ಒಂದು ಮರ ಕಡಿಯುತ್ತಿದ್ದರು. ಅವಳು ಬೆಳೆಯುತ್ತಿದ್ದ ಹಾಗೆ ಮರ ಒಣಗುತ್ತಿತ್ತು, ಮರ ಒಣಗಿದ ಮೇಲೆ ಬಡಗಿ ಒಂದು ಕದ ಮಾಡುತ್ತಿದ್ದ. ಮದುವೆಯ ದಿನ ನಾಲ್ವರು ಗಂಡಸರು ಆ ಕದವನ್ನು ಹೆಗಲ ಮೇಲೆ ಹೊರುತ್ತಿದ್ದರು, ಅವಳು ಅದರ ಹಿಂದೆ ನಡೆಯುತ್ತಿದ್ದಳು. ಗಂಡನ ಮನೆಯ ಮುಂಗೋಡೆ ಒಡೆದು ಕದ ಕೂರಿಸುತ್ತಿದ್ದರು. ಅವಳು ಒಳಗೆ ಹೋಗುತ್ತಿದ್ದಳು, ಅವಳ ಹೆಸರು ಹೊರಗೆ ಉಳಿಯುತ್ತಿತ್ತು. ಅವತ್ತಿನಿಂದ ಅವಳು ಹಿರಿಬಾಗಿಲು, ನಡುಬಾಗಿಲು, ಇಲ್ಲವೇ ಕಿರಿಬಾಗಿಲು.

ಬಾಗಿಲು ಹೋಗುವಾಗ ದಾರಿಯಲ್ಲಿದ್ದವರೆಲ್ಲ ಬದಿಗೆ ಸರಿದು ತಲೆ ತಗ್ಗಿಸಬೇಕು. ಗೋಡೆ ಸೇರುವ ತನಕ ಬಾಗಿಲ ಹಿಂದಿನ ಹೆಣ್ಣನ್ನು ಯಾರೂ ನೋಡಬಾರದು, ತಡೆಯಬಾರದು, ಎಲ್ಲಿಗೆ ಎಂದು ಕೇಳಬಾರದು. ನೋಡಿದವನ ಕಣ್ಣಿಗೆ ಗಾಳಿ ಮಣ್ಣು ತುಂಬುತ್ತದೆ ಎಂದು ಹಿರೀಕ ಹೇಳಿದ್ದ. ಹಾಗಾಗಿ ನಮ್ಮೂರಿನವರಿಗೆ ಮದುಮಗಳೆಂದರೆ ಗೊತ್ತಿದ್ದದ್ದು ಅವಳ ಪಾದ ಮಾತ್ರ.

ಚಿಕ್ಕವಳಿದ್ದಾಗ ನನಗೊಂದು ಅನುಮಾನವಿತ್ತು. ಮನೆಯ ಬಾಗಿಲುಗಳೆಲ್ಲ ಇರುವುದು ಮುಂಗೋಡೆಯಲ್ಲೇ. ಒಬ್ಬಳ ಕೋಣೆಯಿಂದ ಇನ್ನೊಬ್ಬಳ ಕೋಣೆಗೆ ಒಳದಾರಿ ಇಡುವ ಹಾಗಿಲ್ಲ, ಅದು ಕಟ್ಟಳೆ. ಹಿಂದೆ ಬರೀ ಗೋಡೆ. ಅಂದಮೇಲೆ ಒಂದು ಬಾಗಿಲಿನಿಂದ ಹೊಕ್ಕ ಗಾಳಿ ಇನ್ನೊಂದರಿಂದ ಹೊರಗೆ ಹೋಗುವುದು ಹೇಗೆ? ಹಿರೀಕನನ್ನೇ ಕೇಳಿದೆ. ಅವನು ನಕ್ಕು ನನ್ನ ತಲೆ ಸವರಿದ. ಮನೆಗೆ ಬಂದ ಮೇಲೆ ಅಪ್ಪ ಕಪಾಳಕ್ಕೆ ಬಾರಿಸಿದ. ಅಷ್ಟಕ್ಕೆ ನನ್ನ ಅನುಮಾನ ಪರಿಹಾರವಾಗಲಿಲ್ಲ, ಬಾಯಿ ಮುಚ್ಚಿತು ಅಷ್ಟೆ.

ನಮ್ಮ ಮನೆಗೆ ಮೂರು ಬಾಗಿಲು. ಹಿರಿಬಾಗಿಲು ದೊಡ್ಡವ್ವ. ನಡುಬಾಗಿಲು ನನ್ನ ಅವ್ವ. ಕಿರಿಬಾಗಿಲು ಚಿಕ್ಕವ್ವ, ನನಗಿಂತ ಸ್ವಲ್ಪವೇ ದೊಡ್ಡವಳು, ಕಂಕುಳಲ್ಲಿ ಮೊಲೆಗೂಸು. ಚಿಲಕಗಳೆಲ್ಲ ಹೊರಗಡೆಗೆ. ದೀಪ ಹಚ್ಚುವ ಹೊತ್ತಿಗೆ ಅಪ್ಪ ಜಗಲಿಯುದ್ದಕ್ಕೂ ನಡೆದು ಚಿಲಕ ಹಾಕುತ್ತಿದ್ದ. ಒಂದು ಚಿಲಕ ಬೀಳುತ್ತಿತ್ತು. ಇನ್ನೊಂದು ಬೀಳುತ್ತಿತ್ತು. ಯಾವುದು ಬೀಳಲಿಲ್ಲವೋ ಅವನು ಅಲ್ಲಿಗೆ ಹೋದನೆಂದು ಉಳಿದಿಬ್ಬರಿಗೆ ತಿಳಿಯುತ್ತಿತ್ತು. ಮೂವರು ಹೆಂಗಸರೂ ಆ ಹೊತ್ತಿನಲ್ಲಿ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಿವಿ ಕೊಡುತ್ತಿದ್ದರು. ನನ್ನ ಬಾಲ್ಯದ ಸಂಜೆಗಳೆಂದರೆ ಆ ಸದ್ದೇ, ಇವತ್ತಿಗೂ ಎಲ್ಲಾದರೂ ಚಿಲಕ ಬಿದ್ದರೆ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತೇನೆ.

ಅವ್ವನ ಕದದಲ್ಲಿ ಎರಡು ಜೊತೆ ಮೊಳೆಗುರುತು ಇದ್ದವು. ಅವಳು ಮೊದಲು ಬೇರೆ ಗೋಡೆಯಲ್ಲಿದ್ದವಳು. ಆ ಗೋಡೆಯವನು ಹಿರೀಕನ ಯಾವುದೋ ಮಾತಿಗೆ ಎದುರಾಡಿದನಂತೆ. ಮರುದಿನವೇ ಅವನನ್ನು ಉಟ್ಟ ಬಟ್ಟೆಯಲ್ಲಿ ಗುಡ್ಡದಾಚೆ ಅಟ್ಟಿದರು, ಅವನ ಬಾಗಿಲುಗಳನ್ನು ಕಿತ್ತು ಊರಿಗೆ ಹಂಚಿದರು. ಅವ್ವ ತನ್ನ ಕದದ ಹಿಂದೆ ಎರಡನೇ ಸಲ ನಡೆದಳು. ನಾನು ಅವಳ ಕೈ ಹಿಡಿದು ನಡೆದೆ. ಬಾಗಿಲು ಯಾವ ಗೋಡೆಗೋ ಮಕ್ಕಳೂ ಆ ಗೋಡೆಗೆ. ಮೊದಲ ಗೋಡೆಯವನ ಮುಖ ನೆನಪಿಗೆ ತಂದುಕೊಳ್ಳಲು ನೋಡುತ್ತೇನೆ, ಬರುವುದಿಲ್ಲ. ಅದು ನನಗೆ ಈಗಲೂ ಹೊಟ್ಟೆ ಉರಿಸುವ ಸಂಗತಿ.

ಗುಡ್ಡದಾಚೆ ಇನ್ನೊಂದು ಕಾನೂನಿತ್ತು. ಅಲ್ಲಿನ ಸರಕಾರಕ್ಕೆ ಒಂದು ಮನೆಗೆ ಒಂದೇ ಬಾಗಿಲು. ಎರಡು ಕಂಡರೆ ಮನೆಯವನಿಗೆ ಸೆರೆ. ವರ್ಷಕ್ಕೊಮ್ಮೆ ಅಲ್ಲಿಂದ ಬಾಗಿಲೆಣಿಸುವವನು ಬರುತ್ತಿದ್ದ. ಅವನು ಕಾಲುವೆಯ ಸೇತುವೆ ಮುಟ್ಟುವಷ್ಟರಲ್ಲಿ ಊರೆಲ್ಲ ಮಣ್ಣು ಕಲಸುತ್ತಿತ್ತು. ಹಿರಿಬಾಗಿಲೊಂದನ್ನು ಬಿಟ್ಟು ಉಳಿದ ಬಾಗಿಲುಗಳ ಮುಂದೆ ಈಚಲು ಚಾಪೆ ಬಿಗಿದು, ಮೇಲೆ ಮಣ್ಣು ಮೆತ್ತಿ, ಸುಣ್ಣ ಬಳಿಯುತ್ತಿದ್ದರು. ಹೆಂಗಸರು ಒಳಗೇ. ಮಕ್ಕಳೆಲ್ಲ ಅವತ್ತೊಂದು ದಿನ ಹಿರಿಬಾಗಿಲಿನ ಮಕ್ಕಳು.

ಹಳೆಯ ಎಣಿಸುವವನು ಒಳ್ಳೆಯ ಮನುಷ್ಯ. ನಮ್ಮನ್ನೆಲ್ಲ ಸಾಲಾಗಿ ನೋಡಿ, "ಏನು ತಾಯಿ, ಇವೆರಡೂ ಒಂದೇ ವಯಸ್ಸಿನ ಹಾಗೆ ಕಾಣ್ತವೆ?" ಎನ್ನುತ್ತಿದ್ದ.

"ಅವಳಿ, ಸಾಹೇಬ್ರೇ," ಎನ್ನುತ್ತಿದ್ದಳು ದೊಡ್ಡವ್ವ.

"ಇವೆರಡು?"

"ಅವೂ ಅವಳಿಯೇ."

"ಪುಣ್ಯವಂತೆ ನೀವು," ಎಂದು ಅವನು ಮಜ್ಜಿಗೆ ಕುಡಿಯುತ್ತಿದ್ದ. ಹೋಗುವಾಗ ಗೋಡೆಯ ಮೇಲೆ ಅಂಗೈ ಇಡುತ್ತಿದ್ದ. ಅಂಗೈಗೆ ಹಸಿ ಸುಣ್ಣ ಮೆತ್ತುತ್ತಿತ್ತು. ಕರವಸ್ತ್ರದಿಂದ ಕೈ ಒರೆಸಿಕೊಂಡು, ಒಂದು ಬಾಗಿಲು ಎಂದು ಹೇಳಿ ಮುಂದಿನ ಮನೆಗೆ ನಡೆಯುತ್ತಿದ್ದ. ಅವನು ಸೇತುವೆ ದಾಟಿದ ಮೇಲೆ ಊರು ಮಣ್ಣು ಕೆರೆದು ಬಾಗಿಲು ತೆಗೆಯುತ್ತಿತ್ತು. ಎರಡು ಕಾನೂನುಗಳೂ ಹೀಗೆ ಒಂದರ ಬೆನ್ನಿಗೆ ಒಂದು ಒರಗಿಕೊಂಡು ಸುಖವಾಗಿದ್ದವು. ನಡುವೆ ಇದ್ದವರನ್ನು ಯಾರೂ ಕೇಳಿರಲಿಲ್ಲ.

ನನ್ನ ಕದಕ್ಕೆ ಮರ ಒಣಗಿದ ವರ್ಷ ಹೊಸ ಎಣಿಸುವವನು ಬಂದ. ಎಳೆ ಮೀಸೆ, ಕೈಯಲ್ಲಿ ಅಳೆಯುವ ಕೋಲು, ನಗದ ಮುಖ. ಅವನು ಮಜ್ಜಿಗೆ ಮುಟ್ಟಲಿಲ್ಲ. ನಮ್ಮ ಗೋಡೆಯ ಮೇಲೆ ಅಂಗೈ ಇಟ್ಟ, ಹಸಿಯಾದ ಅಂಗೈಯನ್ನು ಎಲ್ಲರಿಗೂ ತೋರಿಸಿದ.

"ಒಣಗಲಿ," ಎಂದ. "ಮಣ್ಣು ಒಣಗಿದರೆ ಬಿರಿಯುತ್ತದೆ. ಬಿರುಕು ಬಾಗಿಲಿನ ಆಕಾರಕ್ಕೆ ಬಿಟ್ಟರೆ ಆವಾಗ ಮಾತಾಡೋಣ. ನಾನು ಇಲ್ಲೇ ಇರುತ್ತೇನೆ." ಊರ ಮುಂದಿನ ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು ಕೂತೇಬಿಟ್ಟ.

ಊರಿಗೆ ಊರೇ ಚಡಪಡಿಸಿತು. ಗಾಳಿಯಿಲ್ಲದ ಊರಲ್ಲಿ ಗೋಡೆ ಬೇಗ ಒಣಗುವುದಿಲ್ಲ. ಒಣಗಿದಷ್ಟೂ ಬಿರುಕು. ಅವನು ಊಟಕ್ಕೆ ಕೂತಾಗ ಗಂಡಸರು ಓಡಿ ಬಿರುಕಿಗೆ ತೆಳ್ಳಗೆ ಮಣ್ಣು ಸವರುವರು. ಅವನು ತಿರುಗಿ ನೋಡಿದರೆ ಸುಮ್ಮನೆ ಗೋಡೆಗೆ ಒರಗಿ ನಿಲ್ಲುವರು. ಯಾರೂ ನಿದ್ದೆ ಮಾಡಲಿಲ್ಲ, ಯಾರೂ ಒಂದು ಕಡೆ ಕೂರಲಿಲ್ಲ. ಒಳಗಿದ್ದ ಹೆಂಗಸರಿಗೆ ಮಾಳಿಗೆಯ ಬೆಳಕಿಂಡಿಯಿಂದ ಅನ್ನ, ನೀರು. ಅವ್ವನಿಗೂ ಚಿಕ್ಕವ್ವನಿಗೂ ಇಳಿಬಿಡುವ ಕೆಲಸ ನನ್ನದು. ಕೂಸು ಅತ್ತರೆ ದೊಡ್ಡವ್ವ ಅಂಗಳದಲ್ಲಿ ಜೋರಾಗಿ ಕೆಮ್ಮುತ್ತಿದ್ದಳು.

ಈಗ ನನ್ನ ಸಂಕಟ ಹೇಳಿಬಿಡುತ್ತೇನೆ. ನನ್ನ ಕದ ಬಡಗಿಯ ಮನೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಅದು ಹಿರೀಕನ ಮನೆಗೆ ಎಂದು ಗಾಳಿ ಹೇಳಿತ್ತಂತೆ. ಹಿರೀಕನ ಮುಂಗೋಡೆಯಲ್ಲಿ ಗೋಡೆಗಿಂತ ಬಾಗಿಲೇ ಹೆಚ್ಚು. ಅವನ ಹುಬ್ಬು ಬೆಳ್ಳಗಾಗಿತ್ತು, ಕೈ ನಡುಗುತ್ತಿತ್ತು. ನನಗೆ ಅವನನ್ನು ಕಂಡರೆ ಭಯಕ್ಕಿಂತ ಹೇಸಿಗೆ. ಆದರೆ ಎಣಿಸುವವನು ಬೇವಿನ ಮರದ ಕೆಳಗೆ ಇರುವ ತನಕ ಊರಲ್ಲಿ ಯಾವ ಕದವನ್ನೂ ಹೊರುವ ಹಾಗಿರಲಿಲ್ಲ. ಅವನು ಇದ್ದಷ್ಟು ದಿನ ನಾನು ಉಳಿದೆ. ಅವನು ಇದ್ದಷ್ಟು ದಿನ ಅವ್ವ ಗೋಡೆಯೊಳಗೆ. ಗೋಡೆ ಒಣಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ, ಬೇಡಿಕೊಂಡು ಮಾಳಿಗೆ ಹತ್ತಿದರೆ ಕೆಳಗಿನ ಕತ್ತಲೆಯಿಂದ ಅವ್ವನ ಬೆವರಿನ ವಾಸನೆ ಬರುತ್ತಿತ್ತು.

"ಅವ್ವ, ಉಸಿರು ಕಟ್ತದಾ?"

"ಬದುಕಿದ್ದೀನಿ ಕಣೆ. ಚೊಂಬು ಸಾಲದು, ಕೊಡ ಇಳಿಸು."

"ಅಷ್ಟೊಂದು ನೀರು ಯಾಕೆ?"

"ಬಾಯಾರಿಕೆ."

ಮರುದಿನ ಎರಡು ಕೊಡ ಕೇಳಿದಳು. ಅದರ ಮರುದಿನ ಇನ್ನೂ ಹೆಚ್ಚು. ಅಪ್ಪ ಗೊಣಗಿದ, "ಗೋಡೆಯೊಳಗೆ ಕೂತು ಎಮ್ಮೆ ಕುಡಿದಂಗೆ ಕುಡೀತಾಳಲ್ಲ" ಎಂದು. ನಾನು ಹೊತ್ತು ಹಾಕಿದೆ.

ಒಂದು ಬೆಳಿಗ್ಗೆ ಧೈರ್ಯ ಮಾಡಿ ಎಣಿಸುವವನ ಹತ್ತಿರ ಹೋದೆ. ಹಿರಿಬಾಗಿಲಿನ ಮಗಳ ಹಾಗೆ ಮಜ್ಜಿಗೆ ಹಿಡಿದು ನಿಂತೆ.

"ಸಾಹೇಬ್ರೇ, ಒಂದು ಮನೇಲಿ ಇನ್ನೊಂದು ಬಾಗಿಲು ಸಿಕ್ತು ಅಂತ ಇಟ್ಕಳಿ. ಏನು ಮಾಡ್ತೀರಾ?"

"ಮನೆಯವನನ್ನು ಹಿಡಿಯುತ್ತೇವೆ. ಬಾಗಿಲನ್ನು ಕಲ್ಲಿಟ್ಟು ಕಟ್ಟಿಸುತ್ತೇವೆ."

"ಒಳಗೆ ಯಾರಾದ್ರೂ ಇದ್ರೆ?"

ಅವನು ತಲೆ ಎತ್ತಿದ. ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲವೆಂದು ಮುಖದಲ್ಲೇ ಕಂಡಿತು. ಕಣ್ಣು ಮುಚ್ಚಿ, ಕಾನೂನನ್ನು ಮೊದಲಿನಿಂದ ಕಡೆಯ ತನಕ ತುಟಿಯಲ್ಲೇ ಹೇಳಿಕೊಂಡ. ಅಷ್ಟೂ ಅವನಿಗೆ ಬಾಯಿಪಾಠ, ನಮಗೆ ಗಾಳಿಯ ಮಾತು ಇದ್ದ ಹಾಗೆಯೇ.

"ಒಳಗಿನವರ ಮಾತು ಇಲ್ಲ," ಎಂದ ಕೊನೆಗೆ. "ಬಾಗಿಲಿನ ಮಾತು ಮಾತ್ರ ಇದೆ. ಒಳಗಿನವರು ಆ ಮನೆಯವರಲ್ಲ ಅಂತ ಆಗುತ್ತದೆ."

"ಮತ್ತೆ ಯಾರ ಮನೆಯವರು?"

"ಅದು ಇಲ್ಲ."

ಅವನು ಕೆಟ್ಟವನಲ್ಲ, ಅದೇ ಕಷ್ಟ. ಅವನ ಕಿವಿ ಕೆಂಪಾಗಿತ್ತು. ನಾನು ಹೊರಟವಳು ಮತ್ತೆ ತಿರುಗಿ ಕೇಳಿದೆ. "ಬಡಗಿ ಮನೇಲಿ ಒಂದು ಕದ ಒರಗಿಸಿ ಇಟ್ಟವ್ರೆ. ಅದಕ್ಕೆ ಬಡಗೀನ ಹಿಡಿಯಲ್ವಾ?"

"ಗೋಡೆಯಲ್ಲಿ ಕೂತದ್ದು ಮಾತ್ರ ಬಾಗಿಲು. ಗೋಡೆಯಲ್ಲಿಲ್ಲದ್ದು ಹಲಗೆ. ಹಲಗೆಗೆ ಕಾನೂನಿಲ್ಲ," ಎಂದ. ಈ ಉತ್ತರ ಗೊತ್ತಿದ್ದದ್ದಕ್ಕೆ ಅವನಿಗೆ ಸಮಾಧಾನವಾದಂತಿತ್ತು. ಮಜ್ಜಿಗೆಯನ್ನು ಮಾತ್ರ ಆಗಲೂ ಮುಟ್ಟಲಿಲ್ಲ.

ಮಾಳಿಗೆ ಹತ್ತಿ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಹಲಗೆಗೆ ಕಾನೂನಿಲ್ಲ ಎಂದಾಗ ಕೆಳಗಿನಿಂದ ಒಂದು ಸದ್ದು ಬಂತು. ಅವ್ವ ನಗುತ್ತಿದ್ದಳು. ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು, ಗೋಡೆ ಅವಳ ತಲೆ ಕೆಡಿಸಿತೇನೋ ಎಂದು ನನಗೆ ಹೆದರಿಕೆಯಾಯಿತು.

"ನೀರು ತಾ," ಎಂದಳು.

ದೊಡ್ಡವ್ವ ಅಂಗಳದಲ್ಲಿ ಕುಟ್ಟಲು ಶುರುಮಾಡಿದ್ದು ಆ ದಿನಗಳಲ್ಲೇ. ಊರು ಮಧ್ಯಾಹ್ನದ ಬಿಸಿಲಿಗೆ ಮಲಗಿದ ಹೊತ್ತಿನಲ್ಲಿ ಒನಕೆ ಹಿಡಿದು ನಿಲ್ಲುತ್ತಿದ್ದಳು. ಅಪ್ಪ ಸಿಡುಕಿದರೆ, "ಹುಡುಗಿ ಮದುವೆ ಅಂದ್ರೆ ಅಕ್ಕಿ ಬ್ಯಾಡ್ವಾ?" ಎನ್ನುತ್ತಿದ್ದಳು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ದೊಡ್ಡವ್ವನಿಗೂ ಅವ್ವನಿಗೂ ಸೌದೆ, ಉಪ್ಪಿನ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಅವ್ವನ ಬಾಗಿಲು ಬಂದ ದಿನ ದೊಡ್ಡವ್ವ ಉಣ್ಣದೆ ಮಲಗಿದ್ದಳಂತೆ. ಅವಳಿಗೆ ನನ್ನನ್ನು ಸಾಗಹಾಕುವ ಆತುರ ಎಂದುಕೊಂಡೆ.

ಒಂದು ಮಧ್ಯಾಹ್ನ ಹತ್ತಿರ ಹೋಗಿ ನೋಡಿದರೆ ಒರಳಿನಲ್ಲಿ ಒಂದು ಕಾಳೂ ಇಲ್ಲ. ಒನಕೆ ಬರಿಗಲ್ಲಿಗೆ ಬೀಳುತ್ತಿತ್ತು. ಕಾಳಿದ್ದರೆ ಸದ್ದು ಮೆತ್ತಗೆ, ಕಾಳಿಲ್ಲದಿದ್ದರೆ ಅದು ಗುಡ್ಡಕ್ಕೆ ಹೋಗಿ ಮುಟ್ಟುತ್ತದೆ.

"ಖಾಲಿ ಒರಳು ಕುಟ್ತಿದ್ದೀಯಲ್ಲ ದೊಡ್ಡವ್ವ."

"ನಿನಗ್ಯಾಕೆ ಅದು?" ಎಂದಳು, ಒನಕೆ ನಿಲ್ಲಿಸದೆ. "ಹೋಗು. ನಿಮ್ಮವ್ವಂಗೆ ನೀರು ಹೊತ್ತು ಹಾಕು."

ಆಗ ಕೇಳಿಸಿತು. ಎರಡು ಪೆಟ್ಟಿನ ನಡುವೆ, ಮನೆಯ ಹಿಂದಿನಿಂದ, ಕಬ್ಬಿಣ ಮಣ್ಣನ್ನು ಕೆರೆಯುವ ಸದ್ದು. ದೊಡ್ಡವ್ವ ನನ್ನ ಮುಖ ನೋಡಲಿಲ್ಲ. ಅವಳ ಅಂಗೈ ಬೊಬ್ಬೆ ಎದ್ದು ಒಡೆದಿತ್ತು. ನಾನು ಅವಳ ಬಗ್ಗೆ ಅಂದುಕೊಂಡಿದ್ದೆಲ್ಲ ಬಾಯಿಗೆ ಬಂದು ಕಹಿಯಾಯಿತು. ಕೊಡ ಎತ್ತಿಕೊಂಡು ಬಾವಿಗೆ ಓಡಿದೆ.

ಮುಂಗೋಡೆ ಒಣಗುತ್ತಿತ್ತು. ಹಿಂಗೋಡೆ ನೆನೆಯುತ್ತಿತ್ತು. ಊರೆಲ್ಲ ಮುಂಗೋಡೆಯನ್ನೇ ನೋಡುತ್ತಿತ್ತು, ಎಣಿಸುವವನೂ ಮುಂಗೋಡೆಯನ್ನೇ ನೋಡುತ್ತಿದ್ದ. ನಮ್ಮೂರಿನಲ್ಲಿ ಬಾಗಿಲು ಮುಂದೆ ತಾನೇ ಇರುವುದು? ಹಿಂಗೋಡೆ ಎಂಬುದೊಂದಿದೆ ಎಂದು ಎರಡು ಕಾನೂನುಗಳಿಗೂ ಹೊಳೆದಿರಲಿಲ್ಲ.

ಕೊನೆಗೆ ಮಣ್ಣು ಪೂರ್ತಿ ಒಣಗಿತು. ಎಣಿಸುವವನು ಪ್ರತಿ ಮನೆಗೂ ಹೋಗಿ ಅಂಗೈ ಇಟ್ಟ. ಅಂಗೈ ಒಣಗಿಯೇ ಬಂತು. ಊರು ಅಷ್ಟು ಚೆನ್ನಾಗಿ ಬಿರುಕು ಮುಚ್ಚಿತ್ತು. ಒಂದು ಮನೆಗೆ ಒಂದು ಬಾಗಿಲು ಎಂದು ಒಪ್ಪಿಕೊಂಡು, ನಾಳೆ ಬೆಳಿಗ್ಗೆ ಹೊರಡುತ್ತೇನೆಂದು ಕೋಲು ಒರೆಸಿ ಇಟ್ಟ. ಅವತ್ತೇ ಹಿರೀಕ ಬಂಡೆಗೆ ಕಿವಿ ಹಚ್ಚಿದ. ಎಣಿಸುವವನು ಸೇತುವೆ ದಾಟಿದ ಕೂಡಲೇ ನನ್ನ ಕದ ಹೊರಬೇಕೆಂದು ಗಾಳಿ ಹೇಳಿತಂತೆ. ಅಪ್ಪ ಸಂಭ್ರಮದಿಂದ ಮನೆಗೆ ಬಂದ. ಹಿರೀಕನ ಗೋಡೆಗೆ ಮಗಳ ಕದ ಸೇರಿದರೆ ಅಪ್ಪನಿಗೆ ಇನ್ನೊಂದು ಬಾಗಿಲು ತರಲು ಅಪ್ಪಣೆ ಸಿಗುತ್ತಿತ್ತು.

ನಾನು ಮಾಳಿಗೆ ಹತ್ತಿ ಬೆಳಕಿಂಡಿಗೆ ಬಾಯಿ ಇಟ್ಟು ಅತ್ತೆ. "ನಾಳೇನಂತೆ ಅವ್ವ."

"ಅಳಬ್ಯಾಡ. ಮಾಳಿಗೆ ಇಳಿ. ಮನೆ ಹಿಂದಕ್ಕೆ ಬಾ."

ಮಧ್ಯಾಹ್ನದ ಹೊತ್ತು. ಊರು ಮಲಗಿತ್ತು. ಒನಕೆ ಬೀಳುತ್ತಿತ್ತು. ಹಿಂಗೋಡೆಯಲ್ಲಿ ಒಂದು ಸೀಳು, ಒಂದು ಹಲಗೆ ಓರೆಯಾಗಿ ಹೊರಬರುವಷ್ಟು. ಅದಕ್ಕೆ ಚೌಕಟ್ಟಿಲ್ಲ, ಹೊಸಿಲಿಲ್ಲ, ಚಿಲಕವಿಲ್ಲ. ಮೊದಲು ಹಲಗೆ ಬಂತು. ಎರಡು ಜೊತೆ ಮೊಳೆಗುರುತಿನ ಅವ್ವನ ಕದ. ಹಿಂದೆಯೇ ಅವ್ವ ಬಂದಳು. ಮೈತುಂಬ ಮಣ್ಣು, ಕೈಯಲ್ಲಿ ಒಲೆ ಕೆದಕುವ ಕಡ್ಡಿ. ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. ಇಷ್ಟು ದಿನಗಳಲ್ಲಿ ನಾನು ಉದ್ದವಾಗಿದ್ದೇನೆ ಎಂದಳು.

ಮುಂಗೋಡೆಯ ಚಾಪೆ, ಮಣ್ಣು, ಸುಣ್ಣ ಹಾಗೇ ನಿಂತಿದ್ದವು. ಮುಂದಿನಿಂದ ನೋಡಿದರೆ ಅದು ಗೋಡೆಯೇ. ಅದರ ಹಿಂದೆ ಬಾಗಿಲಿಲ್ಲ ಎಂದು ತಿಳಿಯಲು ಅದನ್ನು ಕೆರೆಯಬೇಕಿತ್ತು.

ಹೊರಡುವ ಮೊದಲು ಅವ್ವ ಪಕ್ಕದ ಚಿಕ್ಕವ್ವನ ಕೋಣೆಯ ಹಿಂಗೋಡೆಯನ್ನು ಕಡ್ಡಿಯಿಂದ ಕೆರೆದಳು. ನೀರು ಅಲ್ಲಿಗೂ ಹರಿದು ಮಣ್ಣು ಮೆತ್ತಗಾಗಿತ್ತು, ಒಂದು ಕೈ ತೂರುವಷ್ಟು ತೂತಾದಾಗ ಅದಕ್ಕೆ ಬಾಯಿ ಹಚ್ಚಿದಳು.

"ನೀನೂ ಬಾರೆ. ಮಣ್ಣು ನೆಂದೈತೆ, ಒದ್ದರೆ ಬೀಳ್ತದೆ."

ಒಳಗೆ ಕೂಸು ಚೀಪುವ ಸದ್ದು. ಚಿಕ್ಕವ್ವ ಅಂದಳು, "ಬಾಗಿಲಿಲ್ದೆ ನಾನು ಯಾರಕ್ಕಾ?"

ಅವ್ವ ತೂತಿನೊಳಗೆ ಕೈ ಹಾಕಿದಳು. ಒಳಗಿನ ಕೈ ಅದನ್ನು ಹಿಡಿದುಕೊಂಡಿತು, ಆಮೇಲೆ ಬಿಟ್ಟಿತು. ಕಬ್ಬಿಣದ ಕಡ್ಡಿಯನ್ನು ಆ ತೂತಿನ ಮೂಲಕ ಒಳಗೆ ತೂರಿ ಅವ್ವ ಎದ್ದಳು.

"ಎರಡು ಸಲ ಗಂಡಸರು ಹೊತ್ರು," ಎಂದಳು ಕದದ ಒಂದು ತುದಿ ಎತ್ತುತ್ತ. "ಈ ಸಲ ನಾವೇ ಹೊರಾಣ."

ಅವಳು ಮುಂದೆ, ನಾನು ಹಿಂದೆ. ಕದ ನಮ್ಮ ತಲೆಯ ಮೇಲೆ. ನಾವು ಕದ್ದು ಹೋಗಲಿಲ್ಲ, ಊರ ನಡುಬೀದಿಯಲ್ಲೇ ನಡೆದೆವು. ಜಗಲಿಯಲ್ಲಿ ಮಲಗಿದ್ದವರು ಎದ್ದರು, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಹೋಗುವುದನ್ನು ಕಂಡು ದಡಬಡಿಸಿದರು, ಮತ್ತೆ ತಲೆ ತಗ್ಗಿಸಿದರು. ಬಾಗಿಲು ಹೋಗುತ್ತದೆ, ನೋಡಬಾರದು. ಬಾಗಿಲು ಹೋಗುತ್ತದೆ, ಕೇಳಬಾರದು. ಅವರ ನೆತ್ತಿಗಳನ್ನು ನೋಡುತ್ತ ನಾವು ನಡೆದೆವು.

ಬೀದಿಯ ತಿರುವಿನಲ್ಲಿ ಅಪ್ಪ ಎದುರಾದ. ಹಿರೀಕನ ಮನೆಯಿಂದ ಬರುತ್ತಿದ್ದ, ಕೈಯಲ್ಲಿ ವೀಳ್ಯದೆಲೆ. ಕದ ಕಂಡವನೇ ಗೋಡೆಗೆ ಸರಿದು ತಲೆ ಬಗ್ಗಿಸಿದ. ಅವ್ವನ ಪಾದ ಅವನ ಕಣ್ಣ ಕೆಳಗೇ ಹೋಯಿತು. ಒಡೆದ ಹಿಮ್ಮಡಿ, ಬಲಗಾಲಿನಲ್ಲಿ ಸುಟ್ಟ ಗಾಯದ ಕಲೆ. ಅದು ಅವನಿಗೇ ಬಿಸಿನೀರು ಕಾಯಿಸುವಾಗ ಆದ ಗಾಯ. ಅವನ ಕುತ್ತಿಗೆ ಒಂದು ಸಲ ಅಲುಗಿತು. ತಲೆ ಮೇಲೆ ಬರಲಿಲ್ಲ. ಅವನಿಗೆ ಗುರುತು ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಸಿಕ್ಕಿದ್ದರೂ ಕಟ್ಟಳೆ ಮೀರುವ ಎದೆ ಅವನಿಗಿರಲಿಲ್ಲ. ನಮ್ಮ ಪಾಲಿಗೆ ಅದೇ ಒಳ್ಳೆಯದಾಯಿತು.

ಬೇವಿನ ಮರದ ಕೆಳಗಿನಿಂದ ಎಣಿಸುವವನು ಕೋಲು ಹಿಡಿದು ಓಡಿಬಂದ. ಇಷ್ಟು ದಿನ ಹುಡುಕಿದ್ದು ತಾನಾಗಿ ಬೀದಿಯಲ್ಲಿ ನಡೆದು ಬರುತ್ತಿತ್ತು.

"ನಿಲ್ಲಿ. ಇದು ಯಾರ ಮನೆಯ ಬಾಗಿಲು?"

"ಯಾರ ಮನೇದೂ ಅಲ್ಲ ಸಾಹೇಬ್ರೇ," ಎಂದಳು ಅವ್ವ. "ಗೋಡೇಲಿಲ್ಲ ನೋಡಿ. ಹಲಗೆ."

ಅವನ ಬಾಯಿ ತೆರೆಯಿತು. ತುಟಿ ಅಲುಗತೊಡಗಿತು. ಕಾನೂನು ಮೊದಲಿನಿಂದ ಕಡೆಯ ತನಕ ಅವನ ತುಟಿಯ ಮೇಲೆ ಹೋಯಿತು, ಮತ್ತೆ ಮೊದಲಿಗೆ ಬಂತು. ಅವನು ಅವ್ವನ ಮೈಮೇಲಿನ ಮಣ್ಣು ನೋಡಿದ, ಉಗುರು ನೋಡಿದ, ನನ್ನನ್ನು ನೋಡಿದ. ಕಿವಿ ಕೆಂಪಾಯಿತು. ನಮ್ಮೂರಿನವನಲ್ಲದ ಅವನು ತಲೆ ತಗ್ಗಿಸಬೇಕಾಗಿರಲಿಲ್ಲ, ಆದರೂ ತಗ್ಗಿಸಿದ.

"ಹಲಗೆಗೆ ಕಾನೂನಿಲ್ಲ," ಎಂದು ನೆಲಕ್ಕೆ ಹೇಳಿ ದಾರಿ ಬಿಟ್ಟ.

ಸೇತುವೆಯ ಮೇಲೆ ಹಿರೀಕನ ಕಾವಲಿನವನಿದ್ದ. ಹೆಣ್ಣೊಂದು ಒಂಟಿಯಾಗಿ ಸೇತುವೆ ದಾಟಿದರೆ ಎಳೆದು ತರಬೇಕೆಂದು ಅವನಿಗೆ ಅಪ್ಪಣೆ. ಬಾಗಿಲ ಹಿಂದೆ ದಾಟಿದರೆ ಏನು ಮಾಡಬೇಕೆಂದು ಅಪ್ಪಣೆ ಇರಲಿಲ್ಲ. ಊರಿನಿಂದ ಹೊರಗೆ ಬಾಗಿಲು ಹೋದದ್ದುಂಟೇ? ಅವನು ಕಂಗಾಲಾಗಿ ಕಂಬಕ್ಕೆ ಒತ್ತಿಕೊಂಡು ನಿಂತ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಸೇತುವೆಯ ಹಲಗೆಗಳ ಮೇಲೆ ನಮ್ಮ ಹಲಗೆ ದಾಟಿತು.

ಗುಡ್ಡ ಹತ್ತಿದೆವು. ತಿರುಗಿ ನೋಡುವ ಧೈರ್ಯ ಇರಲಿಲ್ಲ. ಕುತ್ತಿಗೆ ಮುರಿಯುವಂತಾದರೂ ಕದ ಇಳಿಸಲಿಲ್ಲ, ಇಳಿಸಿದರೆ ನಾವು ಬರೀ ಓಡಿಹೋದವರಾಗುತ್ತಿದ್ದೆವು. ಗುಡ್ಡದ ನೆತ್ತಿಯ ಕಣಿವೆದಾರಿ ಮುಟ್ಟಿದಾಗ ಕದಕ್ಕೆ ಏನೋ ಬಡಿಯಿತು. ಯಾರೋ ಹಿಂದಕ್ಕೆ ತಳ್ಳಿದಂತೆ ಅವ್ವ ತಡವರಿಸಿದಳು. ಕದ ನಮ್ಮ ಕೈ ತಪ್ಪಿ ಹುಲ್ಲಿನ ಮೇಲೆ ಬಿತ್ತು. ಅವ್ವನ ಸೆರಗು ಮೇಲೆದ್ದು ಮುಖದ ಮೇಲೆ ಬಂತು. ನನ್ನ ಕಣ್ಣಿಗೆ ಕೂದಲು, ಬಾಯಿಗೆ ಧೂಳು. ಕಿವಿಯಲ್ಲಿ ಒಂದು ಸದ್ದು, ನಿಲ್ಲದ ಸದ್ದು. ನಾನು ನೆಲಕ್ಕೆ ಕುಸಿದು ಅವ್ವನ ಕಾಲು ಹಿಡಿದುಕೊಂಡೆ. ಬಂತು ಎಂದುಕೊಂಡೆ, ಕಡೆಯ ದಿನ ಬಂತು, ನಮ್ಮಿಂದಲೇ ಬಂತು.

ಪಕ್ಕದ ಬಂಡೆಯ ಮೇಲೆ ಆಡು ಕಾಯುವ ಮುದುಕಿಯೊಬ್ಬಳು ಕೂತು ರೊಟ್ಟಿ ತಿನ್ನುತ್ತಿದ್ದಳು. ಆಡುಗಳು ನೆಮ್ಮದಿಯಾಗಿ ಮೇಯುತ್ತಿದ್ದವು.

"ಏನವ್ವಾ, ಹಂಗ್ಯಾಕೆ ಕುಸಿದ್ರಿ?" ಎಂದಳು ಮುದುಕಿ.

ಅವ್ವ ಮುಖದ ಮೇಲಿನ ಸೆರಗು ಸರಿಸಿದಳು. "ಇದು... ಇದು ಯಾವಾಗಿಂದ ಬೀಸ್ತೈತೆ?"

"ಯಾವುದು? ಗಾಳಿಯಾ?" ಮುದುಕಿ ಆಕಾಶ ನೋಡಿದಳು. "ದಿನಾ ಬೀಸ್ತದೆ. ಸಂಜೆಗೆ ಇನ್ನಷ್ಟು ಜೋರು."

ಅವ್ವ ನಿಂತೇ ಇದ್ದಳು. ಗಾಳಿ ಅವಳ ಮೈಯ ಒಣ ಮಣ್ಣನ್ನು ಉದುರಿಸುತ್ತಿತ್ತು. ಅವಳು ಎರಡು ಕೈಯನ್ನೂ ಸ್ವಲ್ಪ ಎತ್ತಿ, ಬೆರಳು ಅಗಲಿಸಿ, ಬೆರಳ ಸಂದಿನಲ್ಲಿ ಅದು ಹೋಗುವುದನ್ನು ನೋಡಿದಳು. "ಇಷ್ಟೇನಾ?" ಎಂದಳು. ಮತ್ತೊಮ್ಮೆ, "ಇಷ್ಟಕ್ಕೇನಾ?" ಎಂದಳು. ಆಮೇಲೆ ತನ್ನ ಕದದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಗೋಡೆಯೊಳಗೆ ಇದ್ದಷ್ಟು ದಿನ ಅಳದವಳು, ಎರಡು ಸಲ ಬಾಗಿಲ ಹಿಂದೆ ನಡೆದಾಗ ಅಳದವಳು.

ನಾನು ಆಗ ತಿರುಗಿ ನೋಡಿದೆ. ಕೆಳಗೆ ಊರು. ಹೊಗೆ ನೆಟ್ಟಗೆ ನಿಂತಿತ್ತು, ಹಗ್ಗದ ಮೇಲೆ ಸೀರೆ ಅಲುಗುತ್ತಿರಲಿಲ್ಲ, ಬೀದಿಯಲ್ಲಿ ಯಾರೂ ಓಡುತ್ತಿರಲಿಲ್ಲ. ಊರಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಗಾಳಿ ಒಂದು ಕ್ಷಣ ಬಿಡುವು ಕೊಟ್ಟಾಗ ಕೆಳಗಿನಿಂದ ಸದ್ದು ಬಂತು, ಕಾಳಿಲ್ಲದ ಒರಳಿನ ಸದ್ದು. ಅವ್ವ ಅಳು ನಿಲ್ಲಿಸಿ ಕಿವಿಗೊಟ್ಟಳು.

ಅವ್ವನ ಹಿಂಗೋಡೆ ಯಾವಾಗಲೋ ಒಡೆದಾಗಿತ್ತು. ಕಡ್ಡಿ ಈಗ ಚಿಕ್ಕವ್ವನ ಕೋಣೆಯಲ್ಲಿತ್ತು. ದೊಡ್ಡವ್ವ ಇನ್ನೂ ಕುಟ್ಟುತ್ತಿದ್ದಳು.